ಆವಿಯಾದ ಮೇಲೆ ಮೋಡ

ಜಲಚಕ್ರದಲ್ಲಿ ಯಾವುದಾದ ಮೇಲೆ ಯಾವುದು ಎಂಬುದೇ ಪಾಠ. ಚಾರ್ಟಿನಲ್ಲಿ ಎಲ್ಲ ಬಾಣಗಳೂ ಒಟ್ಟಿಗೇ ಕಾಣುವುದರಿಂದ ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿ ಮುಗಿಸುತ್ತಾರೆ. ಅದಕ್ಕೇ ಅಭ್ಯಾಸ ಬೋಧನೆಯಲ್ಲಿ ಏಳನೇ ತರಗತಿಗೆ ನಾನು ಒಂದು ವೆಬ್ ಪುಟ ತಯಾರಿಸಿಕೊಂಡೆ. ಅದರಲ್ಲಿದ್ದುದು ಸೂರ್ಯ, ಕೆರೆ, ಆವಿಯ ಬಾಣ, ಮೋಡ, ಹನ್ನೆರಡು ಮಳೆಹನಿ. ಲ್ಯಾಪ್‌ಟಾಪಿನಲ್ಲೇ ಇದ್ದ ಪುಟವಾದ್ದರಿಂದ ಇಂಟರ್ನೆಟ್ ಬೇಕಾಗಲಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ‘ಅನಿಮೇಟ್’ ಆದೇಶಗಳನ್ನು ಒಂದರ ಕೆಳಗೊಂದು ಬರೆದ ಮಾತ್ರಕ್ಕೆ ಚಲನೆಗಳು ಒಂದಾದ ಮೇಲೊಂದು ನಡೆಯುವುದಿಲ್ಲ. ಆದೇಶ ಕೊಟ್ಟ ತಕ್ಷಣ ಕಂಪ್ಯೂಟರ್ ಮುಂದಿನ ಸಾಲಿಗೆ ಹೋಗುತ್ತದೆ. ಸೂರ್ಯ, ಆವಿ, ಮೋಡ ಎಲ್ಲವೂ ಒಟ್ಟಿಗೇ ಹೊರಡುತ್ತವೆ. ಆವಿಗೆ 2000 ಮಿಲಿಸೆಕೆಂಡ್, ಮೋಡಕ್ಕೆ 5000 ಎಂದು ವಿಳಂಬ ಕೊಡುವುದು ಒಂದು ಉಪಾಯ. ಆದರೆ ಆವಿಯನ್ನು ಒಂದು ಸೆಕೆಂಡ್ ನಿಧಾನ ಮಾಡಿದರೆ ಮುಂದಿನ ಲೆಕ್ಕವನ್ನೆಲ್ಲ ತಿದ್ದಬೇಕು. ಅದಕ್ಕಿಂತ ಪ್ರತಿ ಚಲನೆಯ ‘ಫಿನಿಶ್ಡ್’ ಎಂಬ ಪ್ರಾಮಿಸನ್ನು ‘ಅವೇಟ್’ ಮಾಡುವುದು ಲೇಸು. ಆಗ ಆವಿ ಎಷ್ಟು ಹೊತ್ತು ತೆಗೆದುಕೊಂಡರೂ ಮೋಡ ಕಾಯುತ್ತದೆ. ಮಳೆಹನಿಗಳಿಗೆ ಮಾತ್ರ ಈ ಸರದಿ ಹೊಂದುವುದಿಲ್ಲ, ಹನಿಗಳು ಒಂದನ್ನೊಂದು ಕಾದು ಬಿದ್ದರೆ ಅದು ಸೋರುವ ನಲ್ಲಿಯಂತಾಗುತ್ತದೆ! ಪ್ರತಿ ಹನಿಯ ವಿಳಂಬಕ್ಕೆ ಅದರ ಕ್ರಮಸಂಖ್ಯೆಯನ್ನು 150ರಿಂದ ಗುಣಿಸಿ ಇಟ್ಟೆ. ಹನ್ನೆರಡೂ ಬಿದ್ದ ಮೇಲೆ ಕೆರೆ ತುಂಬಲು ‘ಪ್ರಾಮಿಸ್ ಆಲ್’ ಸಾಕಾಯಿತು.

ಆವಿಗೂ ಮೋಡಕ್ಕೂ ನಡುವೆ ಇನ್ನೊಂದು ಪ್ರಾಮಿಸ್ ಇಟ್ಟಿದ್ದೆ. ನಾನು ಗುಂಡಿ ಒತ್ತಿದಾಗ ಮಾತ್ರ ಅದು ಈಡೇರುತ್ತದೆ. ತರಗತಿಯಲ್ಲಿ ಆವಿ ಮೇಲೇರಿ ನಿಂತಿತು. “ಈಗ ಏನಾಗಬಹುದು?” ಎಂದೆ. ಎರಡನೇ ಬೆಂಚಿನ ಹುಡುಗಿ, “ಮಿಸ್, ಮೋಡದೊಳಗೆ ಇರೋದು ಆವಿನಾ, ನೀರಾ?” ಎಂದು ಕೇಳಿದಳು. ಐಸ್ ನೀರು ತುಂಬಿದ ಸ್ಟೀಲ್ ಲೋಟವನ್ನು ಅವಳ ಮುಂದಿಟ್ಟು, “ಹೊರಗಡೆ ಮುಟ್ಟಿ ನೋಡಮ್ಮ” ಎಂದೆ. ಲೋಟ ಬೆಂಚಿನಿಂದ ಬೆಂಚಿಗೆ ಹೋಯಿತು. ಒಳಗಿನ ನೀರು ಸೋರಿದೆ ಎಂದ ಹುಡುಗನಿಗೆ ಪಕ್ಕದವನೇ, “ತಳ ತೂತಾಗಿಲ್ವಲ್ಲೋ” ಎಂದ. ಗಾಳಿಯಲ್ಲಿದ್ದ ಆವಿಯೇ ತಣ್ಣಗಾಗಿ ಹನಿಯಾಗಿದೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರಲು ಆರು ನಿಮಿಷ ಹಿಡಿಯಿತು. ಅಲ್ಲಿಯವರೆಗೂ ಪರದೆ ಸುಮ್ಮನಿತ್ತು. ಆಮೇಲೆ ಗುಂಡಿ ಒತ್ತಿದೆ.

ಪಾಠ ಯೋಜನೆಯಲ್ಲಿ ಆ ಹಂತಕ್ಕಿದ್ದುದು ಎರಡೇ ನಿಮಿಷ. ವೀಕ್ಷಕರು, “ಸಮಯ ಪಾಲನೆ ಸುಧಾರಿಸಬೇಕು” ಎಂದು ಬರೆದರು. ಮಳೆಯ ಭಾಗ ಅವಸರದಲ್ಲಿ ಮುಗಿದದ್ದು ನಿಜ. ಆದರೂ ಆ ಗುಂಡಿಯನ್ನು ತೆಗೆಯಲು ನನಗೆ ಮನಸ್ಸಿಲ್ಲ. ಮುಂದಿನ ಯೋಜನೆಯ ಸಮಯದ ಕಾಲಂನಲ್ಲಿ ಆ ಹಂತಕ್ಕೆ ಎಂಟು ನಿಮಿಷ ಬರೆದು, ಪೀಠಿಕೆಯಿಂದ ಆರು ನಿಮಿಷ ಕಡಿಮೆ ಮಾಡಿದ್ದೇನೆ.