ಗೌಜಿ, ಕಾರಣಿಕ, ಕಾಟಕಾಯಿ

ಏಪ್ರಿಲ್ 17ರ ರಾತ್ರಿ ಪುತ್ತೂರಿನ ದೇವರಮಾರು ಗದ್ದೆಯಲ್ಲಿ ನಿಂತವರಿಗೆ ‘ವೈಭವ’ದ ಅರ್ಥ ಹೇಳಿಕೊಡಬೇಕಾಗಿಲ್ಲ. ಮಹಾಲಿಂಗೇಶ್ವರನ ಬ್ರಹ್ಮರಥ, ಆಕಾಶ ತುಂಬುವ ‘ಪುತ್ತೂರು ಬೆಡಿ’. ಪತ್ರಿಕೆಗಳು ಅದನ್ನು ವೈಭವದ ರಥೋತ್ಸವ ಎಂದು ಬರೆಯುತ್ತವೆ. ಊರಿನವರು, “ಈ ಸಲ ಭಾರೀ ಗೌಜಿ ಮಾರಾಯ್ರೆ” ಎನ್ನುತ್ತಾರೆ. ನನಗೆ ಗೌಜಿಯೇ ಇಷ್ಟ. ಅದರಲ್ಲಿ ಬೆಳಕಿನ ಜೊತೆ ಸದ್ದೂ ಇದೆ, ಜನರೂ ಇದ್ದಾರೆ.

ಗೌಜಿ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಇಳಿಯದೆ ಉಳಿಯುವುದಕ್ಕೆ ನಮ್ಮಲ್ಲಿ ಬೇರೆ ಪದವಿದೆ: ಕಾರಣಿಕ. ಪಡುಮಲೆಯ ಕೋಟಿ ಚೆನ್ನಯರನ್ನು ಕೀರ್ತಿವಂತರು ಎನ್ನುವವರಿಲ್ಲ, ಕಾರಣಿಕ ಪುರುಷರು ಎನ್ನುತ್ತಾರೆ. ಕೀರ್ತಿ ಆಗಿಹೋದದ್ದರ ನೆನಪು. ಕಾರಣಿಕ ಇವತ್ತೂ ಕೈಹಿಡಿಯುವ ಶಕ್ತಿ. ಎಣ್ಮೂರಿನಲ್ಲಿ ಮಡಿದರೆಂದು ತುಳು ಹಾಡುಗತೆಯಾದ ಪಾಡ್ದನ ಹೇಳುವ ಆ ಅವಳಿ ವೀರರಿಗೆ ಅವರ ಗುಡಿಯಾದ ಗರಡಿಯಲ್ಲಿ ಜನ ಹರಕೆ ಹೊರುವುದು ಆ ನಂಬಿಕೆಯಿಂದಲೇ.

ಕಡಬ ತಾಲೂಕಿನ ಸುಬ್ರಹ್ಮಣ್ಯಕ್ಕೆ ಬಂದರೆ ಮಾತು ‘ಮಹಿಮೆ’ಗೆ ತಿರುಗುತ್ತದೆ. ಚಂಪಾ ಷಷ್ಠಿಯ ರಥವನ್ನು ಬಿದಿರು, ಬೆತ್ತಗಳಿಂದ ಕಟ್ಟುವವರು ಮಲೆಕುಡಿಯರು. ಮಹಿಮೆಯನ್ನು ಕೊಂಡಾಡುವಾಗ ಆ ಕೈಗಳನ್ನೂ ನೆನೆಯಬೇಕು.

ನನ್ನನ್ನು ಹೆಚ್ಚು ಕಾಡುವುದು ಸುಳ್ಯದ ಪದ: ಕಾಟಕಾಯಿ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ, ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದೆ ನಿಂತರು, ಜನ ಕಲ್ಯಾಣಪ್ಪ ಎನ್ನುತ್ತಿದ್ದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ಅವರ ಬಾವುಟ ಏರಿತು. 13 ದಿನ ಅದು ಅಲ್ಲಿ ಹಾರಿತು. ಆಮೇಲೆ ನೇಣು, ಗಡೀಪಾರು.

ಇಷ್ಟು ದೊಡ್ಡ ಸಾಹಸಕ್ಕೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಲೂಟಿ, ದಾಂಧಲೆ ಎಂಬ ಧ್ವನಿಯ ಮಾತು. ಗೆದ್ದವರು ಹೆಸರಿಟ್ಟರೆ ಹೀಗೇ ಆಗುತ್ತದೆ: ಸೋತವರ ಮೊಮ್ಮಕ್ಕಳೂ ಅದೇ ಹೆಸರನ್ನು ಆಡುತ್ತಾರೆ. ಅಮರ ಸುಳ್ಯದ ಸ್ವಾತಂತ್ರ್ಯ ಸಮರ ಎಂಬ ಗೌರವದ ಹೆಸರು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಆ ಬಾವುಟ ಹಾರಿದ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ.

ಸುಳ್ಯ, ಬೆಳ್ಳಾರೆಯ ಕಡೆ ನಿಮಗೆ ಹಿರಿಯರಿದ್ದರೆ, ಕಾಟಕಾಯಿಯ ಬಗ್ಗೆ ಅವರ ಅಜ್ಜಂದಿರು ಏನು ಹೇಳುತ್ತಿದ್ದರೆಂದು ಕೇಳಿ, ಬರೆದಿಡಿ.