ಕೈ ಎಲ್ಲಿದೆಯೋ ಕಾನೂನು ಅಲ್ಲಿದೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಮುದುಕರ ಬಳಿ ಬಿಟ್ಟು, ಬುತ್ತಿ ಕಟ್ಟಿಕೊಂಡು ಮುಂಬಯಿ, ಪುಣೆ, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಇದಕ್ಕೆ ಗುಳೆ ಎಂದು ಹೆಸರು. ಗುಳೆ ಹೋದವನ ಕಷ್ಟ ಹೇಳತೀರದು. ಆದರೂ ಒಂದು ಮಾತು ನಿಜ. ಬಸ್ಸಿಳಿದ ಮರುದಿನವೇ ಅವನು ಕಲ್ಲು ಹೊರಬಹುದು, ಗಾರೆ ಕಲಸಬಹುದು. ‘ನಿನಗಿಲ್ಲಿ ದುಡಿಯಲು ಪರವಾನಗಿ ಇದೆಯೇ?’ ಎಂದು ಯಾರೂ ಕೇಳುವುದಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ, ಇಷ್ಟವಾದ ವೃತ್ತಿ ಮಾಡುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಈ ಹಕ್ಕು ಉಸಿರಾಡುವ ಗಾಳಿಯಿದ್ದಂತೆ. ಇರುವವರೆಗೆ ಅದರ ನೆನಪೇ ಆಗುವುದಿಲ್ಲ.

ಆಳಂದ ತಾಲೂಕಿನ ತೊಗರಿ ಬೆಳೆಗಾರನೊಬ್ಬನ ಮಗಳಿಗೆ ಅದರ ನೆನಪಾದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ಕಲಬುರಗಿಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದ ಹುಡುಗಿ. 2021ರಲ್ಲಿ ಅಫಜಲಪುರದ ಕಡೆಯ ವರನೊಂದಿಗೆ ಮದುವೆಯಾಯಿತು. ವರ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದ ಸಾಫ್ಟ್‌ವೇರ್ ಇಂಜಿನಿಯರ್. ಹಿರಿಯರು ಮನೆತನ ನೋಡಿದರು, ಜಾತಕ ನೋಡಿದರು, ಸಂಬಳ ಕೇಳಿದರು. ಹೆಂಡತಿಗೆ ಸಿಗುವ ವೀಸಾದಲ್ಲಿ ದುಡಿಯಲು ಬರುತ್ತದೆಯೇ ಎಂಬುದೊಂದನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ವೀಸಾದ ಹೆಸರು ಎಚ್-4. ಅದರ ಮೇಲೆ ಅಲ್ಲಿ ವಾಸಿಸಬಹುದು, ಓದಬಹುದು, ದುಡಿಯುವಂತಿಲ್ಲ. 2015ರ ಮೇ 26ರಿಂದ ಒಂದು ಸಡಿಲಿಕೆ ಇದೆ. ಗಂಡನ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ, ಅಥವಾ ಅದೇ ದಾರಿಯಲ್ಲಿದ್ದು ಅವನ ವೀಸಾ ಆರು ವರ್ಷ ಮೀರಿ ವಿಸ್ತರಣೆಯಾಗಿದ್ದರೆ, ಹೆಂಡತಿ ಕೆಲಸದ ಪರವಾನಗಿ ಕೇಳಬಹುದು. 2017ರ ಅಂತ್ಯದ ಹೊತ್ತಿಗೆ ಸುಮಾರು 91 ಸಾವಿರ ಮಂದಿಗೆ ಹೀಗೆ ಮೊದಲ ಪರವಾನಗಿ ಸಿಕ್ಕಿತ್ತು. ಅವರಲ್ಲಿ ನೂರಕ್ಕೆ 93 ಮಂದಿ ಭಾರತದಲ್ಲಿ ಹುಟ್ಟಿದವರು; ನೂರಕ್ಕೆ 93 ಮಂದಿ ಹೆಂಗಸರು. ಆದರೆ ಈ ಹುಡುಗಿಯ ಗಂಡನ ಅರ್ಜಿ ಇನ್ನೂ ಮೊದಲ ಮೆಟ್ಟಿಲಲ್ಲೇ ಇತ್ತು.

ಗ್ರೀನ್ ಕಾರ್ಡಿನ ಲೆಕ್ಕವೂ ವಿಚಿತ್ರವಾದದ್ದು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಒಂದು ದೇಶಕ್ಕೆ ಸಾಮಾನ್ಯವಾಗಿ ನೂರಕ್ಕೆ 7ರ ಮಿತಿ. ನೂರನಲವತ್ತು ಕೋಟಿ ಜನರ ಭಾರತಕ್ಕೂ, ನಮ್ಮ ಒಂದು ತಾಲೂಕಿನಷ್ಟು ಜನರಿರುವ ಐಸ್‌ಲೆಂಡಿಗೂ ಅದೇ ಮಿತಿ. ಹಾಗಾಗಿ ನಮ್ಮವರ ಸಾಲು ಹತ್ತು ವರ್ಷಕ್ಕೂ ಮಿಕ್ಕಿ ಉದ್ದವಾಗಿದೆ.

2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹೂವು, ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ತಂದೆಯ ಬ್ಯಾಂಕ್ ಸಾಲ ಬಾಕಿ ಉಳಿಯಿತು. ಜೇವರ್ಗಿಯ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದ ತಮ್ಮನ ಕೋಚಿಂಗ್ ಶುಲ್ಕ ಕಟ್ಟಬೇಕಿತ್ತು. ಅಳಿಯ ಕಳಿಸುತ್ತೇನೆಂದ, ಅಳಿಯನ ಹಣ ತಂದೆ ಮುಟ್ಟಲಿಲ್ಲ. ಮಗಳ ದುಡಿಮೆಯ ಹಣವಾದರೆ ಮಾತು ಬೇರೆ.

ಅದೇ ಹೊತ್ತಿಗೆ ಬೆಂಗಳೂರಿನ ಹಳೆಯ ಪರಿಚಯದವರೊಬ್ಬರು ಅವಳಿಗೆ ಕೆಲಸ ಹಿಡಿದು ಬಂದರು. ವೆಬ್‌ಸೈಟ್ ಕಟ್ಟುವ ಕೆಲಸ, ಮನೆಯಲ್ಲಿ ಕುಳಿತೇ ಮಾಡುವಂಥದ್ದು, ತಿಂಗಳಿಗೆ ನಲವತ್ತು ಸಾವಿರ ರೂಪಾಯಿ. ಸೋದರಮಾವ ಫೋನಿನಲ್ಲಿ ಹೇಳಿದ: “ರೊಕ್ಕ ಕೊಡೋರು ಬೆಂಗಳೂರಿನವ್ರು, ಬೀಳೋದು ಆಳಂದದ ಬ್ಯಾಂಕಿನ್ಯಾಗ. ಅದರಾಗ ಅಮೆರಿಕಾದವ್ರಿಗೇನು ಸಂಬಂಧ?”

ಕೇಳಲು ಸರಿಯಾಗಿಯೇ ಇದೆ ಅಲ್ಲವೇ? ಅವಳಿಗೂ ಹಾಗೇ ಅನ್ನಿಸಿತು. ಆದರೂ ಒಪ್ಪುವ ಮೊದಲು ಶುಲ್ಕ ಕೊಟ್ಟು ವಕೀಲರನ್ನು ಕೇಳಿದಳು. ಅವರ ಉತ್ತರದ ಸಾರ ಇಷ್ಟು: ಅಮೆರಿಕದ ಕಾನೂನು ಹಣ ಎಲ್ಲಿಂದ ಬಂತೆಂದು ಮೊದಲು ನೋಡುವುದಿಲ್ಲ, ಕೆಲಸ ಮಾಡುವ ಕೈ ಎಲ್ಲಿದೆ ಎಂದು ನೋಡುತ್ತದೆ. ಅಮೆರಿಕದ ನೆಲದಲ್ಲಿ ಕುಳಿತು ಮಾಡಿದ ಸೇವೆ ಅಮೆರಿಕದಲ್ಲಿ ಮಾಡಿದ ಕೆಲಸವೇ. ಮಾಲೀಕ ಬೆಂಗಳೂರಿನಲ್ಲಿದ್ದರೂ ಅಷ್ಟೇ, ಕೂಲಿ ರೂಪಾಯಿಯಲ್ಲಿದ್ದರೂ ಅಷ್ಟೇ. ಬಡ್ಡಿ, ಬಾಡಿಗೆ, ಷೇರಿನ ಲಾಭಾಂಶ, ಊರಿನ ಹೊಲವನ್ನು ಪಾಲಿಗೆ ಕೊಟ್ಟು ಬಂದ ಹಣ, ಇವಕ್ಕೆ ಕೈ ಆಡಬೇಕಿಲ್ಲವಾದ್ದರಿಂದ ಅಡ್ಡಿಯಿಲ್ಲ. ಆದರೆ ಅಲ್ಲಿಯ ತೆರಿಗೆ ಲೆಕ್ಕದಲ್ಲಿ ಅವನ್ನೂ ತೋರಿಸಬೇಕು. ಯೂಟ್ಯೂಬ್ ಚಾನೆಲ್ ನಡೆಸಿ ಗಳಿಸುವಂಥವು ಮಬ್ಬುಗತ್ತಲೆಯ ದಾರಿಗಳು. ಪರವಾನಗಿ ಇಲ್ಲದವರು ಆ ಕಡೆ ಹೋಗದಿರುವುದೇ ಲೇಸು.

‘ಯಾರಿಗೆ ಗೊತ್ತಾಗುತ್ತದೆ?’ ಎಂಬ ಪ್ರಶ್ನೆಗೂ ಉತ್ತರವಿತ್ತು. ಗ್ರೀನ್ ಕಾರ್ಡಿನ ಕೊನೆಯ ಅರ್ಜಿಯಲ್ಲಿ, ಪರವಾನಗಿಯಿಲ್ಲದೆ ಅಮೆರಿಕದಲ್ಲಿ ಎಂದಾದರೂ ಕೆಲಸ ಮಾಡಿದ್ದೀರಾ ಎಂದು ಕೇಳುತ್ತಾರೆ. ಹೌದೆಂದರೆ ಅರ್ಜಿಗೆ ಅಪಾಯ. ಉದ್ಯೋಗದ ಆಧಾರದ ಅರ್ಜಿಗಳಲ್ಲಿ ಒಟ್ಟು 180 ದಿನ ಮೀರದ ತಪ್ಪಿಗೆ ವಿನಾಯಿತಿ ಉಂಟು, ನಿಜ. ಅದನ್ನು ನೆಚ್ಚಿ ಕೆಲಸ ಶುರುಮಾಡಿದವರಿಗೆ ದಿನ ಎಣಿಸುವುದೇ ಬಾಳಾಗುತ್ತದೆ. ಇಲ್ಲವೆಂದು ಸುಳ್ಳು ಹೇಳಿದರೆ ತಪ್ಪು ಇನ್ನೂ ದೊಡ್ಡದು. ಆ ದೇಶದ ಬಾಗಿಲು ಕಾಯಂ ಆಗಿ ಮುಚ್ಚಿಹೋಗಬಹುದು. ತಿಂಗಳಿಗೆ ನಲವತ್ತು ಸಾವಿರ ಒಂದು ತಕ್ಕಡಿಯಲ್ಲಿ, ಗಂಡ ಹೆಂಡಿರಿಬ್ಬರ ಮುಂದಿನ ಬದುಕು ಇನ್ನೊಂದರಲ್ಲಿ.

ಅವಳು ಕೆಲಸ ಒಲ್ಲೆನೆಂದಳು. ತಂದೆ ಜೋಡಿ ಎತ್ತು ಮಾರಿದ. ತಮ್ಮ ಕೋಚಿಂಗ್ ಬಿಟ್ಟು ಮನೆಯಲ್ಲೇ ಓದಿದ. ‘ಓದಿದ ಮಗಳು ಅಮೆರಿಕಾದಾಗಿದ್ದೂ ಎತ್ತು ಮಾರಬೇಕಾಯ್ತಲ್ಲ’ ಎಂದು ಊರಿನ ಕಟ್ಟೆ ಆಡಿಕೊಂಡಿತು. ಕೆಲವು ತಿಂಗಳು ತಂದೆಯ ಫೋನು ‘ಉಂಡೀಯೇನು?’ ಎಂಬಲ್ಲಿಗೇ ಮುಗಿಯುತ್ತಿತ್ತು. ನಿಯಮ ಪಾಲಿಸಿದವರಿಗೆ ಯಾರೂ ಹಾರ ಹಾಕುವುದಿಲ್ಲ.

ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೂ ಶಾಖ ಒಳಗೆ ಹೋಗುತ್ತಿದ್ದರೂ ಉಷ್ಣಮಾಪಕದ ಪಾದರಸ ಅಲುಗುವುದಿಲ್ಲ. ಪಠ್ಯದಲ್ಲಿ ಇದನ್ನು ಗುಪ್ತೋಷ್ಣ ಎನ್ನುತ್ತಾರೆ. ಅವಳ ಆ ವರ್ಷಗಳು ಹಾಗೆಯೇ ಇದ್ದವು. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲವಾದ್ದರಿಂದ ದತ್ತಾಂಶ ವಿಜ್ಞಾನದ ಪಾಠಗಳನ್ನು ಕಲಿತಳು. ಭಾನುವಾರಗಳಂದು ಅಲ್ಲಿಯ ಕನ್ನಡ ಮಕ್ಕಳಿಗೆ ಸಂಬಳವಿಲ್ಲದೆ ಅಕ್ಷರ ಕಲಿಸಿದಳು. ಗಳಿಕೆಯ ಪಾದರಸ ಸೊನ್ನೆಯಲ್ಲೇ ಇತ್ತು.

2024ರಲ್ಲಿ ಗಂಡನ ಐ-140 ಮಂಜೂರಾಯಿತು. ಅರ್ಜಿ ಹಾಕಿ ಕೆಲವು ತಿಂಗಳು ಕಾದ ಮೇಲೆ ಅವಳ ಪರವಾನಗಿಯೂ ಬಂತು. ಮೊದಲ ಸಂಬಳದಲ್ಲಿ ತಂದೆಯ ಸಾಲದ ಒಂದು ಕಂತು ತೀರಿತು. ಹಾಗೆಂದು ನೆಮ್ಮದಿ ಪೂರ್ತಿಯಾಗಿ ಬಂದಿತೆನ್ನುವಂತಿಲ್ಲ. ಈ ಪರವಾನಗಿಯನ್ನು ಪ್ರಶ್ನಿಸಿದ್ದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ, ಅದು ಸಮಾಧಾನ. ಅದೇ ತಿಂಗಳ 30ರಿಂದ, ನವೀಕರಣದ ಅರ್ಜಿ ಹಾಕಿದರೆ ಹಳೆಯ ಪರವಾನಗಿ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯವನ್ನು ಹೊಸ ಅರ್ಜಿಗಳಿಗೆ ನಿಲ್ಲಿಸಿದರು, ಅದು ಚಿಂತೆ. ನವೀಕರಣ ತಡವಾದರೆ ಮತ್ತೆ ಕೈ ಕಟ್ಟಿ ಕುಳಿತುಕೊಳ್ಳಬೇಕು.

ತಮ್ಮನಿಗೆ 371-ಜೆ ವಿಧಿಯ ಮೀಸಲಾತಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಅವನಿಗೂ ಈಗ ವಿದೇಶದ ಕನಸು. ಅಕ್ಕ ಅವನಿಗೆ ಹೇಳಿರುವ ಮಾತು ನಮ್ಮ ಎಲ್ಲ ವಿದ್ಯಾರ್ಥಿಗಳಿಗೂ ಬೇಕಾದದ್ದು. ಅಮೆರಿಕದ ಎಫ್-1 ವೀಸಾದಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ, ಅದೂ ಕ್ಯಾಂಪಸ್ಸಿನೊಳಗೆ ದುಡಿಯಬಹುದು. ರಾತ್ರಿ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡಿಕೊಟ್ಟರೆ ಅಲ್ಲಿಯೂ ಅದೇ ತೊಡಕು. ಕೆನಡಾದ ರೀತಿ ಬೇರೆ. 2024ರ ನವೆಂಬರಿನಿಂದ ಅಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ದೇಶದ ಹೊರಗಿನ ಮಾಲೀಕನಿಗೆ ಆನ್‌ಲೈನ್‌ನಲ್ಲಿ ಮಾಡುವ ಕೆಲಸ ಆ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ದೇಶದಲ್ಲಿ ತಪ್ಪಾದದ್ದು ಪಕ್ಕದ ದೇಶದಲ್ಲಿ ಸರಿ. ಆದ್ದರಿಂದ ಗೆಳೆಯನ ಅನುಭವವನ್ನು ಕಾನೂನೆಂದು ತಿಳಿಯಬಾರದು.

ತಾಯಂದಿರೇ, ತಂದೆಯರೇ, ಮಗಳ ಮದುವೆಯ ಮಾತುಕತೆಯಲ್ಲಿ ವರನ ಸಂಬಳದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಅವನ ಐ-140 ಎಲ್ಲಿಗೆ ಬಂದಿದೆ? ಮಗಳು ದುಡಿಯಲು ಎಷ್ಟು ವರ್ಷ ಕಾಯಬೇಕು? ಮಗನನ್ನು ಓದಲು ಕಳಿಸುವಾಗ, ಅವನು ಅಲ್ಲಿ ದುಡಿದು ಸಾಲ ತೀರಿಸುತ್ತಾನೆಂಬ ಲೆಕ್ಕದ ಮೇಲೆ ಹೊಲ ಒತ್ತೆ ಇಡಬೇಡಿ. ಈ ಮಾತುಗಳನ್ನು ವಿಮಾನ ಹತ್ತುವ ಮೊದಲು ಕೇಳಿದರೆ ಮುಜುಗರವಾದೀತು, ಅಷ್ಟೇ. ಹತ್ತಿದ ಮೇಲೆ ಕೇಳಿದರೆ ಎತ್ತು ಮಾರಬೇಕಾಗುತ್ತದೆ.