ಆರಡಿ ದೂರದ ಪಿಸುಮಾತು

ನಶ್ಯದ ಡಬ್ಬಿಯ ಮುಚ್ಚಳ ತೆಗೆದರೆ ‘ಟಕ್’ ಎಂದು ಒಂದು ಸದ್ದು ಬರುತ್ತದೆ. ಬಹಳ ಸಣ್ಣ ಸದ್ದು. 2020ರ ಏಪ್ರಿಲಿನಲ್ಲಿ ಆ ಸದ್ದಿಗೆ ಹಾಲಿನ ಬೂತಿನ ಮುಂದಿನ ಸಾಲು ಚೆಲ್ಲಾಪಿಲ್ಲಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಬ್ಬಿ ಗಾರ್ಡು ಮಾಮನದು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಹಸಿರು ಬಾವುಟ ತೋರಿಸುವಷ್ಟೇ ಗಾಂಭೀರ್ಯದಿಂದ ಒಂದು ಚಿಟಿಕೆ ಮೂಗಿಗೇರಿಸಿ, ಮುಗಿಲ ಕಡೆ ಮುಖ ಎತ್ತಿ, ಮೂರು ಸಲ ಸೀನುವರು. ಎರಡೂ ಇಲ್ಲ, ನಾಲ್ಕೂ ಇಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸಿ ಆಮೇಲೆ ರಿಂಗಾಗುತ್ತಿದ್ದ ಕಾಲ ಅದು. ಊರಿಗೆ ಊರೇ ಮೂಗು ಮುಚ್ಚಿಕೊಂಡು ಕೂತಿರುವಾಗ ಈ ಮನುಷ್ಯ ದುಡ್ಡು ಕೊಟ್ಟು ಸೀನು ಕೊಂಡು ತರುತ್ತಿದ್ದರು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದಾಗ ಎಲ್ಲಿಂದ ತರುತ್ತಿದ್ದರೋ ದೇವರಿಗೇ ಗೊತ್ತು. “ಮಾಮ, ಮಾಸ್ಕು” ಎಂದರೆ, “ಮಾಸ್ಕ್ ಹಾಕ್ಕೊಂಡು ನಶ್ಯ ಏರಿಸೋದು ಹೇಗಯ್ಯಾ?” ಎಂದು ನನ್ನನ್ನೇ ಕೇಳುವರು. ಪ್ರಶ್ನೆ ನ್ಯಾಯವಾದದ್ದೇ.

ಗಾರ್ಡು ಮಾಮ ನಮ್ಮಪ್ಪನ ಬಳಗದವರು. ಬಳಗದಲ್ಲಿ ಐದು ಜನ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಇನ್ನೊಬ್ಬರು ಬ್ಯಾಂಕಿನವರು, ಚಕ್ರಬಡ್ಡಿಯನ್ನೂ ಬಾಯಿಲೆಕ್ಕದಲ್ಲೇ ಹೇಳುವವರು. ಮತ್ತೊಬ್ಬರಿಗೆ ಡಾಕ್ಟ್ರು ಎಂದು ಹೆಸರು. ನಿಜವಾಗಿ ಅವರು ದನದಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಕೊರೊನಾ ವಿಷಯದಲ್ಲಿ ಬಳಗಕ್ಕೆ ಅವರದೇ ಕೊನೆಯ ಮಾತು. ಐದನೆಯವರು ಏನು ಕೆಲಸದಲ್ಲಿದ್ದರೋ ನನಗೆ ಇವತ್ತಿಗೂ ತಿಳಿಯದು, ಅವರು ಬಾಯಿಬಿಟ್ಟದ್ದನ್ನು ನಾನು ಕೇಳಿಯೇ ಇಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮೂರನೇ ಬೆಂಚು ಇವರದು. ಬೆಳಿಗ್ಗೆ ಆರೂವರೆಗೆ ಹಾಜರಿ. ಮೂವರು ಕೂರಬಹುದಾದ ಬೆಂಚಿನಲ್ಲಿ ಐವರೂ ಕೂರುವರು. ಅಂಥವರಿಗೆ ಸರ್ಕಾರ ಆರಡಿ ದೂರ ಕೂರಿ ಎಂದಿತು.

ಮಾರ್ಚ್ 19ರ ರಾತ್ರಿ ಪ್ರಧಾನಿಯವರು ಟೀವಿಯಲ್ಲಿ ಕಾಣಿಸಿಕೊಂಡು ವಯಸ್ಸಾದವರು ಕೆಲವು ವಾರ ಮನೆಯಿಂದ ಹೊರಗೆ ಬರಬಾರದು ಎಂದು ಕೇಳಿಕೊಂಡರು. ಮೇ ತಿಂಗಳ ಹೊತ್ತಿಗೆ ಅದು 65 ದಾಟಿದವರೆಲ್ಲ ಮನೆಯಲ್ಲೇ ಇರಬೇಕೆಂದು ಸರ್ಕಾರಿ ಆದೇಶದಲ್ಲೂ ಸೇರಿತು. ಅಪ್ಪ ತಕ್ಷಣ ಒಂದು ತಕರಾರು ತೆಗೆದರು. “ನಮ್ಮ ಯಡಿಯೂರಪ್ಪನೋರಿಗೆ ಎಷ್ಟು?” ಮುಖ್ಯಮಂತ್ರಿಗಳಿಗೆ ಆಗ 77. “ಅವರೇ ದಿನಾ ಮೀಟಿಂಗ್ ಮಾಡ್ತಾರೆ. ನಮ್ಮದೂ ಮೀಟಿಂಗೇ.” ಆಗಸ್ಟಿನ ಆರಂಭದಲ್ಲಿ ಮುಖ್ಯಮಂತ್ರಿಗಳಿಗೇ ಸೋಂಕು ತಗುಲಿ ಆಸ್ಪತ್ರೆ ಸೇರಿದಾಗ ನಾನು ಪತ್ರಿಕೆಯ ಆ ಪುಟವನ್ನು ಮಡಿಸಿ ಅಪ್ಪನ ಕಾಫಿ ಲೋಟದ ಪಕ್ಕ ಇಟ್ಟೆ. ಅವರು ಪುಟ ತಿರುಗಿಸಿ ಪದಬಂಧ ಬಿಡಿಸಿದರು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ, ಮಾರ್ಚ್ 10ರಂದು. ತೀರಿಕೊಂಡವರಿಗೆ 76 ವರ್ಷ. ಇದನ್ನು ಹೇಳಿ ಹೆದರಿಸಲು ನೋಡಿದೆ. “ನನಗೆ 79. ಆ ಗಂಡ ದಾಟಿ ಮೂರು ವರ್ಷ ಆಯ್ತು” ಎಂದರು.

ಕೆರೆಯ ಗೇಟಿಗೆ ಬೀಗ ಬಿದ್ದ ಮೇಲೆ ಬಳಗ ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿಗೆ ಸ್ಥಳಾಂತರಗೊಂಡಿತು. ಮೈಸೂರಿನವರಲ್ಲದವರಿಗೆ ಕನ್ಸರ್ವೆನ್ಸಿ ಎಂದರೇನೆಂದು ಹೇಳಬೇಕು. ಎರಡು ಬೀದಿಗಳ ಮನೆಗಳ ಹಿತ್ತಿಲುಗಳ ನಡುವೆ ಹಾದುಹೋಗುವ ಓಣಿ ಅದು. ಹಿಂದೆ ಜಾಡಮಾಲಿಗಳು ಮುಂಬಾಗಿಲಿನ ಕಣ್ಣಿಗೆ ಬೀಳದಂತೆ ಬಂದುಹೋಗಲು ಮಾಡಿದ್ದು. 1898ರ ಪ್ಲೇಗಿನಲ್ಲಿ ತತ್ತರಿಸಿದ ಮೇಲೆ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಿನ ಮನೆಗಳ ಜಾಗದಲ್ಲಿ ಗಾಳಿ ಬೆಳಕಿನ ಬಡಾವಣೆಗಳು, ಅಗಲವಾದ ರಸ್ತೆಗಳು ಬಂದವು. ಹಿಂದೆ ಈ ಓಣಿಗಳು. ಒಂದು ಸಾಂಕ್ರಾಮಿಕಕ್ಕೆ ಹೆದರಿ ಕಟ್ಟಿದ ಊರಿನಲ್ಲಿ, ಇನ್ನೊಂದು ಸಾಂಕ್ರಾಮಿಕದ ಕಟ್ಟಳೆ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಪೊಲೀಸರು ಮುಂದಿನ ರಸ್ತೆಯಲ್ಲಿ ಲಾಠಿ ಹಿಡಿದು ನಿಂತಿದ್ದರೆ ಐವರು ಹಿರಿಯರು ಹಿತ್ತಿಲ ಬಾಗಿಲಿಂದ ಒಬ್ಬೊಬ್ಬರಾಗಿ ಇಳಿದು ಮೋರಿ ಕಟ್ಟೆಯ ಮೇಲೆ ಕೂತಿರುವರು. ಪ್ಲೇಗಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ಅಪ್ಪನ ದೊಡ್ಡ ವಾದವೂ ಪ್ಲೇಗೇ. ಅವರಜ್ಜಿ ಹೇಳುತ್ತಿದ್ದರಂತೆ, ಇಲಿ ಬಿದ್ದ ಸುದ್ದಿ ಬಂದೊಡನೆ ಊರಿನವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು ಎಂದು. “ಆವಾಗ ಮನೆಯಿಂದ ಹೊರಗೆ ಹೋದೋರು ಬದುಕಿದ್ರು. ನೀನು ಒಳಗಿರು ಅಂತೀಯ.” ಆ ರೋಗ ಇಲಿಯ ಮೈಮೇಲಿನ ಚಿಗಟದಿಂದ ಬರುವಂಥದು, ಮನೆ ಬಿಟ್ಟರೆ ಇಲಿಯನ್ನೂ ಬಿಟ್ಟ ಹಾಗೆ, ಇದು ಮನುಷ್ಯನಿಂದ ಮನುಷ್ಯನಿಗೆ ಬರುವುದು ಎಂದು ನಾನು ಪಾಠ ಮಾಡಿದೆ. ಗಾಳಿಯಾಡುವ ಬಯಲಿನಲ್ಲಿ ಅಪಾಯ ಕಡಿಮೆ, ಮುಚ್ಚಿದ ಕೋಣೆಯಲ್ಲೇ ಹೆಚ್ಚು ಎಂದು ಮುಂದೆ ವಿಜ್ಞಾನಿಗಳೇ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ, ನನ್ನನ್ನು ನೋಡಿದರು ಅಷ್ಟೆ. ಆದರೆ ಬಯಲಿನಲ್ಲಿ ಕೂತು ಒಂದೇ ಫ್ಲಾಸ್ಕಿನ ಮುಚ್ಚಳದಲ್ಲಿ ಐದು ಜನ ಕಾಫಿ ಕುಡಿಯಿರಿ ಎಂದು ಯಾವ ವಿಜ್ಞಾನಿಯೂ ಹೇಳಿಲ್ಲ.

ನಾನೂ ಮೊದಮೊದಲು ಇದನ್ನು ಹಠ ಎಂದೇ ತಿಳಿದಿದ್ದೆ. ಒಂದು ದಿನ ಬೈಯಲೆಂದು ಕನ್ಸರ್ವೆನ್ಸಿಗೆ ಹೋದವನು ಪಕ್ಕದಲ್ಲಿ ನಿಂತು ಗಮನಿಸಿದೆ. ಐವರಲ್ಲಿ ಮೂವರಿಗೆ ಕಿವಿ ಮಂದ. ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಕ್ಕೆ ಯಂತ್ರ. ಗಾರ್ಡು ಮಾಮನ ಕಿವಿಗಳನ್ನು ರೈಲಿನ ಸೀಟಿಯೇ ತಿಂದಿತ್ತು. ಇವರೆಲ್ಲ ಅರ್ಧ ಮಾತನ್ನು ಕಿವಿಯಿಂದ ಕೇಳಿದರೆ ಇನ್ನರ್ಧವನ್ನು ತುಟಿ ನೋಡಿ ತಿಳಿಯುವವರು. ಮಾಸ್ಕು ಬಂದು ತುಟಿ ಮುಚ್ಚಿತು, ಆರಡಿ ಬಂದು ಕಿವಿ ಮುಚ್ಚಿತು. ಮಾತಾಡುವಾಗ ಮಾಸ್ಕನ್ನು ಗದ್ದಕ್ಕಿಳಿಸಿ, ಸುಮ್ಮನಿರುವಾಗ ಮೇಲಕ್ಕೇರಿಸುವ ಅವರ ಪದ್ಧತಿ ನಮಗೆ ನಗೆ ತರಿಸುತ್ತಿತ್ತು. ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಇನ್ನು ಕಿವಿಯ ಹಿಂದೆ ಇರುವ ಜಾಗವಾದರೂ ಎಷ್ಟು? ಅಲ್ಲಿ ಕನ್ನಡಕದ ಕಡ್ಡಿ ಮೊದಲೇ ಇದೆ, ಯಂತ್ರ ಇದೆ, ಅದರ ಮೇಲೆ ಮಾಸ್ಕಿನ ದಾರ. ದಾರ ಎಳೆದಾಗ ಅಪ್ಪನ ಯಂತ್ರ ಹಾರಿ ಮೋರಿಗೆ ಬಿತ್ತು. ಕೋಲು ಹಿಡಿದು ಐವರೂ ತಲೆಗೆ ತಲೆ ತಾಗಿಸಿ ಹುಡುಕಿದರು. ಆ ಹೊತ್ತಿನಲ್ಲಿ ಅಂತರದ ಮಾತೆತ್ತುವ ಧೈರ್ಯ ನನಗಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಗುಟ್ಟಿನದು. ಈ ವಯಸ್ಸಿನಲ್ಲಿ ಆಡಲು ಉಳಿದಿರುವ ಮಾತೆಂದರೆ ಮಂಡಿನೋವು, ಪಿಂಚಣಿ ಮತ್ತು ಸೊಸೆ. ಮೊದಲೆರಡನ್ನು ಎಷ್ಟು ದೂರದಿಂದಲಾದರೂ ಆಡಬಹುದು. ಮೂರನೆಯದನ್ನು ಕಿವಿಯಲ್ಲೇ ಹೇಳಬೇಕು. ಒಂದು ದಿನ ಬ್ಯಾಂಕಿನವರು, ಎಲ್ಲ ಬಿಟ್ಟು ಅಂದೇ, ಕಟ್ಟಳೆ ಪಾಲಿಸೋಣವೆಂದು ದೂರದ ಕಲ್ಲಿನ ಮೇಲೆ ಕೂತು, “ನಮ್ಮ ಸೊಸೆ ಉಪ್ಪಿಟ್ಟಿಗೆ ಎಣ್ಣೆ ತೋರಿಸೋದೂ ಇಲ್ಲ!” ಎಂದು ಅಪ್ಪನಿಗೆ ಕೇಳುವ ಹಾಗೆ ಹೇಳಿದರು. ಅಪ್ಪನಿಗೆ ಕೇಳಿಸಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಗಿಹಾಕುತ್ತಿದ್ದ ಸೊಸೆಗೆ ಕೇಳಿಸಿತು. ಮರುದಿನದಿಂದ ಬ್ಯಾಂಕಿನವರು ಮತ್ತೆ ಅಪ್ಪನ ಬಲಗಿವಿಗೆ ಅಂಟಿಕೊಂಡು ಕೂತರು.

‘ಸಾಮಾಜಿಕ ಅಂತರ’ ಎಂಬ ಮಾತನ್ನಂತೂ ಅಪ್ಪ ಒಪ್ಪಲೇ ಇಲ್ಲ. ನಗರಪಾಲಿಕೆಯ ಗಾಡಿ ಮೈಕಿನಲ್ಲಿ “ಸಾಮಾಜಿಕ ಅಂತರ ಕಾಪಾಡಿ” ಎಂದು ಕೂಗುತ್ತ ಬಂದಾಗ ಗೇಟಿಗೆ ಹೋಗಿ ನಿಲ್ಲಿಸಿದರು. “ಅದನ್ನ ತೊಡೆದುಹಾಕೋಕೆ ಹನ್ನೆರಡನೇ ಶತಮಾನದಿಂದ ಹೆಣಗ್ತಿದೀವಪ್ಪ. ನೀನು ಕಾಪಾಡಿ ಅಂತ ಕೂಗ್ತೀಯಲ್ಲ!” ಡ್ರೈವರು ಹುಡುಗ ಪಾಪ, ಕೈಮುಗಿದು ಮುಂದೆ ಹೋದ. ವಿಶ್ವ ಆರೋಗ್ಯ ಸಂಸ್ಥೆಯವರೂ ಮಾರ್ಚಿನಲ್ಲೇ ‘ದೈಹಿಕ ಅಂತರ’ ಎನ್ನಲು ಶುರುಮಾಡಿದ್ದರು ಎಂದು ಗೊತ್ತಾದಾಗ ಅಪ್ಪನಿಗೆ ಆ ಸಂಸ್ಥೆಯ ಮೇಲೆ ಅಲ್ಪಸ್ವಲ್ಪ ಗೌರವ ಹುಟ್ಟಿತು. ಮಾತು ಬಂದಾಗಲೆಲ್ಲ ನನಗೆ ನಮ್ಮತ್ತೆ ನೆನಪಾಗುವರು. ಜೀವಮಾನವಿಡೀ ಮಡಿ. ಗಳುವಿನ ಮೇಲೆ ಒಣಗುತ್ತಿದ್ದ ಸೀರೆಗೆ ನಮ್ಮ ನೆರಳು ಬಿದ್ದರೂ ಗದರುತ್ತಿದ್ದವರು, ಹಾಲು ತರುವವಳಿಗೆ ಮೇಲಿನಿಂದ ದುಡ್ಡು ಹಾಕುತ್ತಿದ್ದವರು. ಅಂತರ ಕಾಪಾಡುವುದರಲ್ಲಿ ಅವರಿಗಿಂತ ಅನುಭವಸ್ಥರು ಯಾರು? ಆದರೆ ಆ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ ಏಳು ಮನೆಗೆ ಹೋಗಿ ಅರಿಶಿನ ಕುಂಕುಮ ತೆಗೆದುಕೊಂಡು ಬಂದರು. ರೋಗದ ಅಂತರಕ್ಕೆ ಶಾಸ್ತ್ರವಿಲ್ಲವಂತೆ. ಇದನ್ನು ಹೇಳುವಾಗ ನಗು ಬರುತ್ತದೆ. ಹಾಲಿನವಳ ಅಂಗೈ ನೆನೆದರೆ ಬರುವುದಿಲ್ಲ.

ಲಾಕ್‌ಡೌನ್ ಘೋಷಿಸಿದ ಭಾಷಣದಲ್ಲಿ ಪ್ರಧಾನಿಯವರು ಮನೆಯ ಹೊಸಿಲಲ್ಲಿ ಲಕ್ಷ್ಮಣರೇಖೆ ಎಳೆದಿದೆ ಎಂದರು. ಮಾರನೆಯ ದಿನವೇ ಯುಗಾದಿ. ಆ ವಾರದ ಕೊನೆಯಲ್ಲಿ ದೂರದರ್ಶನ ಹಳೆಯ ರಾಮಾಯಣ ಧಾರಾವಾಹಿಯನ್ನೂ ಮತ್ತೆ ಹಾಕಿತು. ಅಪ್ಪನನ್ನು ಒಳಗೆ ಕಟ್ಟಿಹಾಕಲು ಇದಕ್ಕಿಂತ ಬೇರೆ ಬೇಕೆ ಎಂದುಕೊಂಡೆ. ಅವರು ಎರಡು ಕಂತು ನೋಡಿ ಎದ್ದರು. “ವಾಲ್ಮೀಕಿ ರಾಮಾಯಣದಲ್ಲಿ ಲಕ್ಷ್ಮಣರೇಖೆಯೇ ಇಲ್ಲ. ಆಮೇಲಿನೋರು ಸೇರಿಸಿದ್ದು” ಎಂದು ಚಪ್ಪಲಿ ಮೆಟ್ಟಿ ಹಿತ್ತಿಲ ಕಡೆ ನಡೆದರು. ಪಂಡಿತರ ಮಗನಾಗಿ ಹುಟ್ಟಬಾರದು.

ಕೊನೆಗೆ ಸಿಕ್ಕಿಬಿದ್ದದ್ದು ಒಂದು ಸಲ. ಆಗ ಹೊರಗೆ ಓಡಾಡಲು ಎಲ್ಲರ ಬಳಿಯೂ ಒಂದು ರಹದಾರಿ ಇರುತ್ತಿತ್ತು, ಅದೇ ಔಷಧಿ ಚೀಟಿ. ಕೈಯಲ್ಲಿ ಚೀಲ, ಜೇಬಿನಲ್ಲಿ ಚೀಟಿ. ಬಲ್ಲಾಳ್ ವೃತ್ತದ ಬಳಿ ಒಬ್ಬ ಎಳೆಯ ಕಾನ್ಸ್‌ಟೇಬಲ್ ಅಪ್ಪನನ್ನು ತಡೆದ. ನಾನು ಸ್ಕೂಟರಿನಲ್ಲಿ ಹುಡುಕುತ್ತ ಬಂದವನು ಹಿಂದೆ ನಿಂತೆ. ಅಪ್ಪ ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದುಕೊಟ್ಟರು. ಅವನು ಓದಿ, “ತಾತ, ಇದು 2016ರದು. ಅದೂ ಹೆಂಗಸರ ಹೆಸರಲ್ಲಿದೆ” ಎಂದ.

“ನನ್ನ ಹೆಂಡತೀದು” ಎಂದರು ಅಪ್ಪ.

“ಅವರಿಗೆ ಈಗ್ಲೂ ಇದೇ ಮಾತ್ರೆನಾ?”

“ಈಗ ಬೇಕಾಗಿಲ್ಲ.”

ಹುಡುಗ ಚೀಟಿಯನ್ನು ಹೇಗಿತ್ತೋ ಹಾಗೆ ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟು, “ಬಿಸಿಲೇರ್ತಿದೆ, ಮನೆಗೆ ಹೋಗಿ ತಾತ” ಎಂದ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ.

ಅವರು ಮಾಡಿದ್ದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಂಥ ರೋಗದಲ್ಲಿ ವಯಸ್ಸಾದವರೇ ಹೆಚ್ಚು ಸಾಯುತ್ತಿದ್ದರು, ಅದು ಅವರಿಗೂ ತಿಳಿದಿತ್ತು. ಮಾಸ್ಕಿನ ದಂಡವನ್ನು ಸರ್ಕಾರ ಅಕ್ಟೋಬರಿನಲ್ಲಿ ಸಾವಿರ ರೂಪಾಯಿಗೇರಿಸಿ ಕೆಲವೇ ದಿನಗಳಲ್ಲಿ 250ಕ್ಕಿಳಿಸಿದಾಗ, “ಕಾಯಿಲೆ ಮುಕ್ಕಾಲು ಪಾಲು ಇಳಿದಿದೆ” ಎಂದು ಬ್ಯಾಂಕಿನವರು ಲೆಕ್ಕ ಒಪ್ಪಿಸಿದ್ದು ತಮಾಷೆಗೇ ಇರಬಹುದು. ಆದರೆ ಅದನ್ನೇ ನಂಬಿದವರೂ ಇದ್ದರು. ನಮಗೆ ಮುಂದೆ ಬೇಕಾದಷ್ಟು ಬೆಳಗುಗಳಿವೆ, ಒಂದು ವರ್ಷ ಬಿಟ್ಟುಕೊಡಬಹುದು. ಅವರು ಎಲ್ಲಿಂದ ತಂದು ಕೊಡಬೇಕು? ಇದನ್ನು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಆಗ ಯೋಚಿಸಲಿಲ್ಲ, ಹಿತ್ತಿಲ ಬಾಗಿಲಿಗೆ ಬೀಗ ತಂದು ಜಡಿದೆ. ಸಣ್ಣವನಿದ್ದಾಗ ಪರೀಕ್ಷೆಯ ದಿನಗಳಲ್ಲಿ ಕ್ರಿಕೆಟ್ಟಿಗೆ ಓಡಿಹೋಗುತ್ತೇನೆಂದು ಅವರು ಬೀಗ ಹಾಕುತ್ತಿದ್ದದ್ದು ಅದೇ ಚಿಲಕಕ್ಕೆ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಬಳಗ ಒಟ್ಟಿಗೇ ಹೋಯಿತು. ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕೆಂದು ನರ್ಸಮ್ಮ ಹೇಳಿದರೆ ಇವರು ಎರಡು ಗಂಟೆ ಕೂತು ಹರಟಿ ಬಂದರು. ವರ್ಷಕ್ಕೆ ಅದೊಂದೇ ಸಲ ಸರ್ಕಾರವೇ ಜಾಗ, ಕುರ್ಚಿ, ಫ್ಯಾನು ಕೊಟ್ಟು ಕೂರಿಸಿತ್ತು. ಗಾರ್ಡು ಮಾಮ ಜೊತೆಗೆ ಹೋದರೂ ಚುಚ್ಚಿಸಿಕೊಳ್ಳಲಿಲ್ಲ. ಯುಗಾದಿ ಕಳೆಯಲಿ ಎಂದರು.

ಯುಗಾದಿ ಕಳೆಯುವ ಹೊತ್ತಿಗೆ ಎರಡನೇ ಅಲೆ ಬಂದಿತ್ತು. ನಮ್ಮ ಮನೆಗೆ ಅದನ್ನು ತಂದವನು ನಾನು. ತಪ್ಪಿಸಲಾಗದ ಒಂದು ಮದುವೆಗೆ ಹೋಗಿ, ಫೋಟೊಗೆಂದು ಮಾಸ್ಕು ಗದ್ದಕ್ಕಿಳಿಸಿ, ಹಿಂದೆ ಮುಂದೆ ಒತ್ತಿಕೊಂಡ ಸಾಲಿನಲ್ಲಿ ನಿಂತು ನಕ್ಕಿದ್ದೆ. ಮೂರನೇ ದಿನ ನನಗೆ ಜ್ವರ, ಐದನೇ ದಿನ ಅಪ್ಪನಿಗೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಇಬ್ಬರೂ ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿದ್ದೆವು. ಒಂದು ವರ್ಷ ನಾನು ಬೈದ ಬೈಗುಳದಲ್ಲಿ ಒಂದನ್ನಾದರೂ ಅವರು ವಾಪಸು ಕೊಡಬಹುದಿತ್ತು. “ಊಟ ಹೇಗಿತ್ತು ಮದುವೇಲಿ?” ಎಂದಷ್ಟೇ ಗೋಡೆಯಾಚೆಯಿಂದ ಕೇಳಿದರು. ಅಪ್ಪ ಎದ್ದರು. ಗಾರ್ಡು ಮಾಮ ಮೇ ತಿಂಗಳಲ್ಲಿ ಹೋದರು. ಯಾರಿಂದ ಬಂತು, ಮೋರಿ ಕಟ್ಟೆಯಿಂದಲೋ ಮನೆಯವರಿಂದಲೋ ತಿಳಿಯಲಿಲ್ಲ. ಅಂತ್ಯಕ್ರಿಯೆಗೆ ಐದು ಜನಕ್ಕಿಂತ ಹೆಚ್ಚು ಹೋಗುವ ಹಾಗಿರಲಿಲ್ಲ. ಮಕ್ಕಳು, ಅಳಿಯ ಸೇರಿಯೇ ಐದಾಯಿತು. ಉಳಿದ ನಾಲ್ವರು ಆ ದಿನ ಯಾರೂ ಹೇಳದೆ ಮನೆಯಲ್ಲೇ ಇದ್ದರು.

ಅಪ್ಪನಿಗೆ ಈಗ 84. ಕೆರೆಯ ಗೇಟು ತೆರೆದು ಎಷ್ಟೋ ಕಾಲವಾಯಿತು. ಮೈಸೂರಿಗೆ ಬಂದರೆ ಬೆಳಿಗ್ಗೆ ಆರೂವರೆಗೆ ಏರಿಯ ಮೇಲೆ ಮೂರನೇ ಬೆಂಚಿಗೆ ಹೋಗಿ, ಹೊಸಬರೆಂದರೆ ಅವರಿಗೆ ಬಲು ಇಷ್ಟ. ಎಡಗಡೆ ಕೂತರೆ ಏನೂ ಕೇಳಿಸುವುದಿಲ್ಲ. ಬಲಗಡೆ ಕೂತುಕೊಳ್ಳಿ, ಹತ್ತಿರ.